ಮೆಟ್ಟಿಲೂ ಬೈಸಿಕಲ್ಲೂ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. 1983ನೆಯ ವರ್ಷದ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ವೆಂಕಟೇಶ ಅಯ್ಯಂಗಾರ್ಯರ ಹೆಸರಿನೊಡನೆ ಆ ಊರಿನ ಹೆಸರೂ ನಾಡಿನ ನಾಲಗೆಯ ಮೇಲೆ ನೆಲೆನಿಂತಿದೆ. ಊರಿನ ಹೆಸರು ಎಷ್ಟು ದೂರ ಹೋದರೇನು, ಆ ಹೋಬಳಿಯ ಜನರು ಬದುಕಿಗಾಗಿ ದಿನವೂ ಹೋಗಿಬರಬೇಕಾದ ದಾರಿ ಬೇರೆಯೇ ಆಗಿದೆ. ಮಾಸ್ತಿಗೆ ರೈಲು ಇಲ್ಲ. ರೈಲು ಬೇಕಾದವರು ಮಾಲೂರಿಗೋ ಟೇಕಲ್ಲಿಗೋ ಬರಬೇಕು. ಅಲ್ಲಿಂದ ವೈಟ್‌ಫೀಲ್ಡ್, ಕೃಷ್ಣರಾಜಪುರಗಳನ್ನು ದಾಟಿ ಬೆಂಗಳೂರನ್ನು ಸೇರಬೇಕು. ಈ ದಾರಿಯಲ್ಲಿ ಬೈಸಿಕಲ್ಲು ತುಳಿಯುವವನಿಗೆ ಎದುರಾಗುವ ಅತ್ಯಂತ ಕಠಿಣವಾದ ಏರು ಯಾವ ಗುಡ್ಡದ್ದೂ ಅಲ್ಲ, ಯಾವ ಕೆರೆಯ ಏರಿಯದೂ ಅಲ್ಲ. ಅದು ರೈಲ್ವೆ ಮೇಲ್ಸೇತುವೆಯ ಮೆಟ್ಟಿಲು.

ಬೈಸಿಕಲ್ಲನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುವ ಮನುಷ್ಯನನ್ನು ನಮ್ಮ ದೇಶದಲ್ಲಿ ನೋಡದವರಿಲ್ಲ. ನೋಡಿ ನೋಡಿ ಅದು ಸಹಜವೆಂದು ಬಗೆದುಬಿಟ್ಟಿದ್ದೇವೆ. ಮನುಷ್ಯನನ್ನು ಹೊರಬೇಕಾದ ವಾಹನವನ್ನು ಮನುಷ್ಯನೇ ಹೊರುವುದರಲ್ಲಿ ಸಹಜವಾದುದೇನೂ ಇಲ್ಲ. ಇದೊಂದು ಸಣ್ಣ ಮಾತು, ಇದಕ್ಕೆ ಸಂಪಾದಕೀಯವೇ ಎಂದು ಕೆಲವರು ಹುಬ್ಬೇರಿಸಬಹುದು. ಸಾವಿರಾರು ಮಂದಿ ಬಡವರ ಹೆಗಲಿನ ಮೇಲೆ ದಿನಕ್ಕೆರಡು ಬಾರಿ ಬೀಳುವ ಹೊರೆ ಸಣ್ಣದೆಂದು ಹೇಳಲು ಆ ಹೊರೆಯನ್ನು ಹೊರದವರಿಗೆ ಮಾತ್ರ ಸಾಧ್ಯ.

ಲೆಕ್ಕವನ್ನು ನೋಡೋಣ. ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಕಬ್ಬಿಣದ ಚೌಕಟ್ಟಿನ ಸಾಧಾರಣ ಬೈಸಿಕಲ್ಲಿನ ತೂಕ ಸುಮಾರು 20 ಕಿಲೋಗ್ರಾಂ. ಹಿಂದಿನ ಕ್ಯಾರಿಯರಿನಲ್ಲಿ ಒಂದು ಬುತ್ತಿ, ಹಿಡಿಯಲ್ಲಿ ಒಂದು ಚೀಲವಿದ್ದರೆ ಇನ್ನೂ ಹೆಚ್ಚು. ವಿದ್ಯುತ್ತಿನಿಂದ ಓಡುವ ಗಾಡಿಗಳ ಮಾರ್ಗದಲ್ಲಿ 25,000 ವೋಲ್ಟಿನ ತಂತಿ ಹಳಿಯ ಮೇಲೆ ಹಾದುಹೋಗುವುದರಿಂದ, ಮೇಲ್ಸೇತುವೆಯನ್ನು ಹಳಿಯಿಂದ ಆರು ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಕಟ್ಟಬೇಕಾಗುತ್ತದೆ. ಮೆಟ್ಟಿಲೊಂದಕ್ಕೆ 15 ಸೆಂಟಿಮೀಟರಿನಂತೆ ಆರು ಮೀಟರಿಗೆ ನಲವತ್ತು ಮೆಟ್ಟಿಲುಗಳಾದವು. ಹತ್ತುವಾಗ ನಲವತ್ತು, ಇಳಿಯುವಾಗ ನಲವತ್ತು. ಬೆಳಿಗ್ಗೆ ಎಂಬತ್ತು, ಸಂಜೆ ಎಂಬತ್ತು. ದಿನವೆಲ್ಲ ದುಡಿದು ಬಂದ ಮೈ ಇಪ್ಪತ್ತು ಕಿಲೋಗ್ರಾಂ ಕಬ್ಬಿಣವನ್ನು ಎತ್ತಿಕೊಂಡು, ಗಾಡಿಯಿಂದಿಳಿದ ಜನಸಂದಣಿಯ ನಡುವೆ, ಪೆಡಲು ಪರರ ಮೊಣಕಾಲಿಗೆ ತಗಲದಂತೆ, ಹಿಡಿ ಪಕ್ಕದವರ ಬಟ್ಟೆಗೆ ಸಿಕ್ಕಿಕೊಳ್ಳದಂತೆ ನೋಡಿಕೊಂಡು ಇಷ್ಟನ್ನೂ ಮುಗಿಸಬೇಕು. ಹತ್ತುವುದಕ್ಕಿಂತಲೂ ಇಳಿಯುವುದೇ ಹೆಚ್ಚು ಅಪಾಯ. ಹೊರೆಯ ಹಿಂದೆ ಕಾಲಿನ ಬುಡದ ಮೆಟ್ಟಿಲು ಕಾಣುವುದಿಲ್ಲ; ಮಳೆಗಾಲದಲ್ಲಿ ಅದು ಜಾರುತ್ತದೆ.

ಬೈಸಿಕಲ್ಲನ್ನು ನಿಲ್ದಾಣದಲ್ಲಿಯೇ ಬಿಟ್ಟುಹೋಗಬಾರದೇ ಎಂದು ಕೇಳುವವರುಂಟು. ಬಿಟ್ಟುಹೋಗುವವರೇ ಹೆಚ್ಚು ಮಂದಿ. ಬೈಸಿಕಲ್ಲನ್ನು ಪ್ರಯಾಣಿಕರ ಡಬ್ಬಿಯೊಳಕ್ಕೆ ಒಯ್ಯಲು ರೈಲ್ವೆಯ ನಿಯಮ ಒಪ್ಪುವುದಿಲ್ಲ. ಅದನ್ನು ಲಗೇಜೆಂದು ನಮೂದಿಸಿ, ಹಣ ತೆತ್ತು, ಬ್ರೇಕ್‌ವ್ಯಾನಿನಲ್ಲಿ ಕಳುಹಿಸಬೇಕು. ನಿತ್ಯಪ್ರಯಾಣಿಕನಿಗೆ ಇದು ಆಗದ ಹೋಗದ ಮಾತು. ಆದರೆ ರೈಲು ಮಾರ್ಗವೆಂಬುದು ಊರನ್ನು ಎರಡಾಗಿ ಸೀಳುತ್ತದೆ ಎಂಬುದನ್ನು ಪ್ರಶ್ನೆ ಕೇಳುವವರು ಮರೆಯುತ್ತಾರೆ. ಬೈಸಿಕಲ್ಲು ನಿಲ್ಲಿಸುವ ಸ್ಥಳ ಒಂದು ಮಗ್ಗುಲಿನಲ್ಲಿರುತ್ತದೆ, ಮನೆಯೋ ಕಾರ್ಖಾನೆಯೋ ಶಾಲೆಯೋ ಮತ್ತೊಂದು ಮಗ್ಗುಲಿನಲ್ಲಿರುತ್ತದೆ. ಗಾಡಿಯನ್ನು ಹತ್ತುವ ಗೋಜೇ ಇಲ್ಲದವನೂ, ಬರಿಯ ಆಚೆ ಬದಿಯನ್ನು ಸೇರುವುದಕ್ಕಾಗಿ, ಈ ಮೆಟ್ಟಿಲನ್ನೇ ಹತ್ತಬೇಕಾಗುತ್ತದೆ.

ಈ ಮಾರ್ಗ ಹೊಸದಲ್ಲ. ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ನಿಲ್ದಾಣಕ್ಕೆ ರೈಲು ಬಂದುದು 1864ರಲ್ಲಿ. ಅಂದಿನಿಂದ ಬಹುಕಾಲ ಊರಿನ ಜನರು, ದನಕರುಗಳು, ಎತ್ತಿನ ಬಂಡಿಗಳು, ಆಮೇಲೆ ಬೈಸಿಕಲ್ಲುಗಳು, ಎಲ್ಲವೂ ನೆಲಮಟ್ಟದ ಗೇಟುಗಳಲ್ಲಿಯೇ ಹಳಿಯನ್ನು ದಾಟುತ್ತಿದ್ದವು. ಗಾಡಿಗಳ ಸಂಖ್ಯೆಯೂ ವೇಗವೂ ಹೆಚ್ಚಿದಂತೆ ಆ ದಾಟುವಿಕೆ ಪ್ರಾಣಾಪಾಯವಾಯಿತು. ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಗೇಟುಗಳೆಲ್ಲವನ್ನೂ 2019ರ ಜನವರಿಯ ವೇಳೆಗೆ ದೇಶದಾದ್ಯಂತ ತೆಗೆದುಹಾಕಲಾಯಿತು. ಕಾವಲಿರುವ ಗೇಟುಗಳೂ ಒಂದೊಂದಾಗಿ ಮುಚ್ಚುತ್ತಿವೆ. ಇದು ಒಳ್ಳೆಯ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ರೈಲ್ವೆಯವರನ್ನು ನಾವು ಇದಕ್ಕಾಗಿ ಅಭಿನಂದಿಸುತ್ತೇವೆ. ಆದರೆ ಗೇಟು ಮುಚ್ಚಿದಲ್ಲಿ ಮೋಟಾರಿಗೆ ಮೇಲುರಸ್ತೆ ಬಂತು, ಕಾಲ್ನಡೆಯವನಿಗೆ ಮೆಟ್ಟಿಲು ಬಂತು, ಬೈಸಿಕಲ್ಲಿನವನಿಗೆ ಬಂದುದೇನು? ಮೇಲುರಸ್ತೆಯಲ್ಲಿ ಲಾರಿಗಳ ನಡುವೆ ದೂರದ ಸುತ್ತು, ಇಲ್ಲವಾದರೆ ಮೆಟ್ಟಿಲಿನ ಮೇಲೆ ಹೆಗಲಿನ ಹೊರೆ. ಕೆಳಸೇತುವೆಯಿದ್ದಲ್ಲಿ ಮಳೆ ಬಂದ ದಿನ ಮೊಣಕಾಲುದ್ದ ನೀರು.

ಈ ಸಂಕಟದಲ್ಲಿ ಮೂರನೆಯ ದಾರಿಯೊಂದು ಕಣ್ಣಿಗೆ ಬೀಳುತ್ತದೆ. ಅದು ಯಮನ ದಾರಿ. ಅತ್ತಿತ್ತ ನೋಡಿ, ಬೈಸಿಕಲ್ಲನ್ನು ಎತ್ತಿಕೊಂಡು ಹಳಿಗಳ ಮೇಲೆಯೇ ದಾಟಿಬಿಡುವುದು. ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಇದು ಅಪರಾಧ; ಆರು ತಿಂಗಳವರೆಗೆ ಸೆರೆವಾಸವನ್ನೋ, ಸಾವಿರ ರೂಪಾಯಿವರೆಗೆ ದಂಡವನ್ನೋ, ಎರಡನ್ನೂ ಸೇರಿಸಿಯೋ ವಿಧಿಸಬಹುದು. ಕಾಯಿದೆ ನ್ಯಾಯವಾದುದೇ. ಕಾಯಿದೆಯನ್ನು ಪಾಲಿಸಬೇಕೆಂದು ನಾವೂ ಓದುಗರಲ್ಲಿ ಒತ್ತಿ ಹೇಳುತ್ತೇವೆ. ಹಳಿ ದಾಟಿ ಉಳಿಸಿದ ಐದು ನಿಮಿಷಕ್ಕೆ ಒಂದು ಮನೆಯ ದೀಪವೇ ಆರಿಹೋಗಬಹುದು. ಆದರೆ ಅಪರಾಧಕ್ಕೆ ದಂಡ ವಿಧಿಸುವ ಕೈಯೇ ಅಪರಾಧಕ್ಕೆ ಎಡೆಗೊಡದಂತೆ ದಾರಿಯನ್ನೂ ಕಟ್ಟಿಕೊಡಬೇಕು. ತಪ್ಪು ದಾರಿ ಸುಲಭವಾಗಿಯೂ ಸರಿಯಾದ ದಾರಿ ದುಸ್ಸಾಧ್ಯವಾಗಿಯೂ ಇರುವಲ್ಲಿ, ಬರಿಯ ಎಚ್ಚರಿಕೆಯ ಫಲಕಗಳು ಪ್ರಾಣವನ್ನು ಉಳಿಸಲಾರವು.

ಇನ್ನು ಮೆಟ್ಟಿಲಿನ ಇಕ್ಕಟ್ಟು ಎಂತಹ ಅನಾಹುತಕ್ಕೆ ಕಾರಣವಾಗಬಲ್ಲುದೆಂಬುದನ್ನು ದೇಶ ಕಂಡಿದೆ. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲಿನಲ್ಲಿ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಬೈಸಿಕಲ್ಲಿನ ಪ್ರಶ್ನೆಯಿರಲಿಲ್ಲ. ಆದರೆ ಮೇಲ್ಸೇತುವೆ ಪ್ರಯಾಣಿಕರಿಗೆ ತೋರಿಸುವ ಒಂದು ಉಪಕಾರವಲ್ಲ, ಅದು ಅವರ ಪ್ರಾಣರಕ್ಷಣೆಯ ಸಾಧನ ಎಂಬ ತತ್ವವನ್ನು ಆ ದುರಂತದ ಬಳಿಕ ರೈಲ್ವೆ ಇಲಾಖೆಯೇ ಒಪ್ಪಿಕೊಂಡಿತು. ಆ ತತ್ವವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕೆಂಬುದೇ ನಮ್ಮ ಬೇಡಿಕೆ.

ಬೈಸಿಕಲ್ಲಿನ ಕಾಲ ಮುಗಿಯಿತು, ಈಗ ಎಲ್ಲರ ಬಳಿಯೂ ಮೋಟಾರು ಸೈಕಲ್ಲಿದೆ ಎಂಬ ಮಾತನ್ನು ಪಟ್ಟಣದ ವಿದ್ಯಾವಂತರು ಮೇಲಿಂದ ಮೇಲೆ ಆಡುತ್ತಾರೆ. ಅಂಕಿಗಳು ಹಾಗೆ ಹೇಳುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು ನಲವತ್ತೈದರಲ್ಲಿ ಬೈಸಿಕಲ್ಲಿತ್ತು. ಮೋಟಾರು ಸೈಕಲ್ಲೋ ಸ್ಕೂಟರೋ ಇದ್ದುದು ಇಪ್ಪತ್ತೊಂದರಲ್ಲಿ. ಬೇಸಾಯದ ಹೊರಗೆ ದುಡಿಯುವ ನೂರು ಮಂದಿಯಲ್ಲಿ ಸುಮಾರು ಹದಿಮೂರು ಮಂದಿ ಬೈಸಿಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅಂದಿನಿಂದ ಮೋಟಾರುಗಳು ಹೆಚ್ಚಿವೆ, ನಿಜ. ಆದರೆ ಪೆಟ್ರೋಲಿಗೆ ಹಣವಿಲ್ಲದವರು ಇಲ್ಲವಾಗಿಲ್ಲ. ಮಾಲೂರಿನ ಇಟ್ಟಿಗೆ ಹೆಂಚಿನ ಗೂಡುಗಳಲ್ಲಿಯೂ, ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿಯೂ, ಹೂವು ತರಕಾರಿಯ ತೋಟಗಳಲ್ಲಿಯೂ ದಿನಗೂಲಿ ಮಾಡುವವನಿಗೆ ಬೈಸಿಕಲ್ಲು ಹವ್ಯಾಸವಲ್ಲ, ಅದು ಅವನ ಕೂಲಿಯಲ್ಲಿ ಉಳಿತಾಯವಾಗುವ ಒಂದು ಪಾಲು.

ಮಕ್ಕಳ ವಿಷಯವನ್ನೂ ಇಲ್ಲಿ ನೆನೆಯಬೇಕು. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. 2020ರ ಮಹಾಮಾರಿಯ ತರುವಾಯ ಅದು ನಿಂತಿತು. ಆ ಯೋಜನೆ ನಡೆದಷ್ಟು ಕಾಲ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಪ್ರೌಢಶಾಲೆಯ ಮೆಟ್ಟಿಲನ್ನು ಹತ್ತಿದುದು ಆ ಬೈಸಿಕಲ್ಲಿನ ದೆಸೆಯಿಂದಲೇ. ಸರ್ಕಾರದ ಒಂದು ಕೈ ಹದಿಮೂರು ವರ್ಷದ ಹುಡುಗಿಗೆ ಬೈಸಿಕಲ್ಲನ್ನು ಕೊಟ್ಟಿತು. ಇನ್ನೊಂದು ಕೈ ಅವಳ ಶಾಲೆಯ ದಾರಿಯಲ್ಲಿ ನಲವತ್ತು ಮೆಟ್ಟಿಲುಗಳನ್ನಿಟ್ಟಿತು. ತನ್ನ ತೂಕದ ಅರ್ಧಕ್ಕೂ ಹೆಚ್ಚಿರಬಹುದಾದ ಬೈಸಿಕಲ್ಲನ್ನು ಆ ಹುಡುಗಿ ಹೇಗೆ ಹೊತ್ತು ದಾಟಬೇಕೆಂದು ಎರಡು ಕೈಗಳೂ ಪರಸ್ಪರ ಕೇಳಿಕೊಳ್ಳಲಿಲ್ಲ.

ಹಾಗಾದರೆ ಪರಿಹಾರವೇನು? ಅದು ಕೋಟ್ಯಂತರ ರೂಪಾಯಿನ ಮಾತಲ್ಲ. ಮೆಟ್ಟಿಲಿನ ಒಂದು ಅಂಚಿನಲ್ಲಿ, ಕೆಳಗಿನಿಂದ ಮೇಲಿನವರೆಗೆ, ಗಾಲಿಯೊಂದು ಉರುಳುವಷ್ಟು ಅಗಲದ, ದೋಣಿಯಂತೆ ಬದಿಗಳು ಎದ್ದಿರುವ ಒಂದು ಇಳಿಜಾರಿನ ಪಟ್ಟಿ ಇದ್ದರೆ ಸಾಕು. ಅದನ್ನು ಗಾಲಿಪಟ್ಟಿ ಎಂದು ಕರೆಯೋಣ. ಕಾಂಕ್ರೀಟಿನಲ್ಲಿ ಎರೆದರೂ ಆದೀತು, ಉಕ್ಕಿನ ತಗಡನ್ನು ಬಗ್ಗಿಸಿ ಕೂಡಿಸಿದರೂ ಆದೀತು. ಎರಡು ಗಾಲಿಗಳನ್ನೂ ಅದರೊಳಗಿಟ್ಟು, ಹಿಡಿಯನ್ನು ಹಿಡಿದು, ತಾನು ಮೆಟ್ಟಿಲಿನ ಮೇಲೆ ನಡೆಯುತ್ತಾ ಬೈಸಿಕಲ್ಲನ್ನು ತಳ್ಳಿಕೊಂಡು ಹೋಗುವುದು. ಇಳಿಯುವಾಗ ಬ್ರೇಕನ್ನು ಅದುಮಿ ಬಿಗಿಹಿಡಿದು ಇಳಿಸುವುದು. 15 ಸೆಂಟಿಮೀಟರು ಎತ್ತರ, 30 ಸೆಂಟಿಮೀಟರು ಅಗಲದ ಮೆಟ್ಟಿಲುಗಳಿರುವಲ್ಲಿ ಇಪ್ಪತ್ತು ಕಿಲೋಗ್ರಾಂ ಬೈಸಿಕಲ್ಲನ್ನು ಈ ಪಟ್ಟಿಯ ಮೇಲೆ ತಳ್ಳಲು, ಉಜ್ಜುವಿಕೆಯನ್ನು ಸೇರಿಸಿದರೂ, ಎತ್ತುವುದಕ್ಕೆ ಬೇಕಾದ ಬಲದ ಸುಮಾರು ಅರ್ಧ ಸಾಕಾಗುತ್ತದೆ. ಉಳಿದ ಭಾರವನ್ನು ಸೇತುವೆಯೇ ಹೊರುತ್ತದೆ. ಸೇತುವೆ ಇರುವುದೂ ಅದಕ್ಕಾಗಿಯೇ.

ಆದರೆ ಇದನ್ನು ಮನಸ್ಸಿಟ್ಟು ಮಾಡಬೇಕು. ಗೋಡೆಗೋ ಕಟಕಟೆಗೋ ಒತ್ತಿ ಪಟ್ಟಿಯನ್ನು ಹಾಕಿದರೆ ಅದು ಇದ್ದೂ ಇಲ್ಲದಂತೆ. ಬೈಸಿಕಲ್ಲಿನ ಹಿಡಿಯ ಅರ್ಧ ಅಗಲವೇ ಸುಮಾರು 30 ಸೆಂಟಿಮೀಟರು. ಪೆಡಲೂ ಹೊರಕ್ಕೆ ಚಾಚಿರುತ್ತದೆ. ಅಷ್ಟು ಎಡೆಯನ್ನು ಬಿಡದಿದ್ದರೆ ಹಿಡಿ ಗೋಡೆಗೆ ಉಜ್ಜುತ್ತದೆ, ಪೆಡಲು ಕಂಬಿಗೆ ಸಿಕ್ಕಿ ನಿಲ್ಲುತ್ತದೆ. ಪಟ್ಟಿಯ ಮೈ ನುಣುಪಾಗಿದ್ದರೆ ಮಳೆಯಲ್ಲಿ ಗಾಲಿ ಜಾರುತ್ತದೆ. ತಿರುವಿನಲ್ಲಿ, ನಡುವಣ ಹಂತದಲ್ಲಿ ಪಟ್ಟಿ ಕಡಿದುಹೋದರೆ ಅಲ್ಲಿಯೇ ಜನ ನಿಂತುಹೋಗುತ್ತಾರೆ. ಕಟ್ಟಿದ ಎಂಜಿನಿಯರು ಒಂದು ಬೈಸಿಕಲ್ಲನ್ನು ತಂದು ತಾನೇ ಒಮ್ಮೆ ತಳ್ಳಿ ನೋಡಿದ ಮೇಲೆ ಬಿಲ್ಲಿಗೆ ಸಹಿ ಹಾಕತಕ್ಕದ್ದೆಂಬ ನಿಯಮವಾದರೆ ಈ ದೋಷಗಳು ತಾವಾಗಿ ನಿವಾರಣೆಯಾಗುವುವು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ನಾವು ಮರೆಮಾಚುವುದಿಲ್ಲ. ಅವುಗಳಲ್ಲಿ ತೂಕವುಳ್ಳುದು ವೃದ್ಧರ ಪರವಾದ ಆಕ್ಷೇಪ. ಮೊಣಕಾಲು ನೋವಿನ ಮುದುಕಿಯೊಬ್ಬಳು ಕಟಕಟೆಯನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಬೇಕು. ಅಂಚಿನಲ್ಲಿ ಗಾಲಿಪಟ್ಟಿ ಬಂದರೆ ಅವಳ ಕೈ ಕಟಕಟೆಗೆ ಎಟುಕುವುದಿಲ್ಲ, ಕಾಲು ಪಟ್ಟಿಗೆ ತಗಲಿ ಎಡವಬಹುದು. ಇದು ನಿಜವಾದ ಮಾತು. ಒಬ್ಬ ಬಡವನ ಹೊರೆಯನ್ನು ಇಳಿಸುವುದಕ್ಕೆ ಇನ್ನೊಬ್ಬಳ ಆಸರೆಯನ್ನು ಕಿತ್ತುಕೊಳ್ಳಕೂಡದು. ಆದುದರಿಂದ ಪಟ್ಟಿ ಒಂದೇ ಮಗ್ಗುಲಿನಲ್ಲಿರಲಿ. ಇನ್ನೊಂದು ಮಗ್ಗುಲಿನ ಕಟಕಟೆ ಏನೂ ಅಡ್ಡಿಯಿಲ್ಲದೆ ತೆರೆದಿರಲಿ. ಪಟ್ಟಿಗೆ ಎದ್ದು ಕಾಣುವ ಬಣ್ಣ ಬಳಿಯಲಿ. ಅಗಲವಾದ ಮೆಟ್ಟಿಲುಗಳಲ್ಲಿ ನಡುವೆ ಇನ್ನೊಂದು ಕಟಕಟೆಯನ್ನು ನಿಲ್ಲಿಸಲಿ. ತೀರ ಇಕ್ಕಟ್ಟಾದ ಹಳೆಯ ಮೆಟ್ಟಿಲುಗಳಲ್ಲಿ ಇದಕ್ಕೆ ಸ್ಥಳವಿಲ್ಲವೆಂಬುದನ್ನು ಒಪ್ಪುತ್ತೇವೆ. ಅಲ್ಲಿ ಮಾಡಬೇಕಾದುದು ಪಟ್ಟಿಯಲ್ಲ, ಹೊಸ ಸೇತುವೆ.

ಲಿಫ್ಟುಗಳು ಬಂದಿವೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಲಿಫ್ಟು ಇರುವುದು ಅಂಗವಿಕಲರಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ. ಅವರ ಸಾಲಿನಲ್ಲಿ ಗಟ್ಟಿಮುಟ್ಟಾದ ಆಳು ಬೈಸಿಕಲ್ಲು ಹಿಡಿದು ನಿಲ್ಲುವುದು ಶೋಭೆಯಲ್ಲ. ವಿದ್ಯುತ್ತು ಹೋದರೆ ಲಿಫ್ಟು ನಿಲ್ಲುತ್ತದೆ; ಗಾಲಿಪಟ್ಟಿ ನಿಲ್ಲುವುದಿಲ್ಲ. ಇನ್ನು ಇಳಿಜಾರಿನ ದಾರಿಯೇ ಆಗಲಿ ಎನ್ನುವವರಿಗೆ ನಮ್ಮ ಪೂರ್ಣ ಸಮ್ಮತಿಯಿದೆ. ಗಾಲಿಕುರ್ಚಿಯೂ ಏರಬಲ್ಲ, ಹನ್ನೆರಡಕ್ಕೆ ಒಂದರಂತೆ ಏರುವ ದಾರಿ ಎಲ್ಲಕ್ಕಿಂತ ಉತ್ತಮ. ಅಂಗವಿಕಲರಿಗೆ ಸಾರ್ವಜನಿಕ ಸ್ಥಳಗಳಲ್ಲಿ ಸುಗಮ ಪ್ರವೇಶ ಸಿಗಬೇಕೆಂಬುದು 2016ರ ಕಾಯಿದೆಯ ವಿಧಿಯೂ ಹೌದು. ಆದರೆ ಆರು ಮೀಟರು ಎತ್ತರಕ್ಕೆ ಅಂತಹ ದಾರಿ ಕನಿಷ್ಠ 72 ಮೀಟರು ಉದ್ದವಾಗಬೇಕು. ಮೆಟ್ಟಿಲಿಗೆ 12 ಮೀಟರು ಸಾಕು. ಸ್ಥಳವಿದ್ದಲ್ಲಿ ಇಳಿಜಾರನ್ನೇ ಕಟ್ಟಲಿ. ಸ್ಥಳವಿಲ್ಲದಲ್ಲಿ, ಇಳಿಜಾರು ಬರುವವರೆಗೆ ಏನೂ ಬೇಡವೆಂದು ಕೈಕಟ್ಟಿ ಕೂರುವುದು ಬುದ್ಧಿವಂತಿಕೆಯಲ್ಲ.

ಅನ್ಯದೇಶಗಳಲ್ಲಿ ಇದು ವಿಸ್ಮಯದ ಸಂಗತಿಯೇ ಅಲ್ಲ. ಹಾಲೆಂಡಿನಲ್ಲಿಯೂ ಡೆನ್ಮಾರ್ಕಿನಲ್ಲಿಯೂ ನಿಲ್ದಾಣದ ಮೆಟ್ಟಿಲುಗಳಲ್ಲಿ ಗಾಲಿಪಟ್ಟಿ ಬಹುಕಾಲದಿಂದ ರೂಢಿಯಲ್ಲಿದೆ. ಹಾಲೆಂಡಿನ ಉಟ್ರೆಕ್ಟ್ ನಗರದ ರೈಲ್ವೆ ನಿಲ್ದಾಣದಲ್ಲಿ ಸುಮಾರು 12,500 ಬೈಸಿಕಲ್ಲುಗಳನ್ನು ನಿಲ್ಲಿಸುವ ನೆಲೆ 2019ರಲ್ಲಿ ಪೂರ್ಣಗೊಂಡಿತು. ಅಲ್ಲಿ ತುಳಿದುಕೊಂಡೇ ಒಳಕ್ಕೆ ಹೋಗಬಹುದು. ಜಪಾನಿನ ಅನೇಕ ಕಾಲುಸೇತುವೆಗಳಲ್ಲಿ ಮೆಟ್ಟಿಲುಗಳ ನಡುವೆ ಬೈಸಿಕಲ್ಲಿಗೆಂದೇ ಇಳಿಜಾರಿನ ಪಟ್ಟಿಯನ್ನು ಬಿಟ್ಟಿರುತ್ತಾರೆ. ಆ ದೇಶಗಳು ನಮಗಿಂತ ಶ್ರೀಮಂತವಾದುವು. ಆದರೆ ಗಾಲಿಪಟ್ಟಿ ಶ್ರೀಮಂತಿಕೆಯಿಂದ ಬಂದುದಲ್ಲ. ಬೈಸಿಕಲ್ಲಿನವನೂ ತೆರಿಗೆ ಕೊಡುವ ಪ್ರಜೆಯೇ ಎಂಬ ಎಣಿಕೆಯಿಂದ ಬಂದುದು.

ನಮ್ಮಲ್ಲಿಯೂ ಆ ಎಣಿಕೆ ಅಲ್ಲಲ್ಲಿ ಮೊಳೆಯುತ್ತಿದೆ. 2020ರ ನವೆಂಬರಿನಲ್ಲಿ ಬೆಂಗಳೂರಿನ ಮೆಟ್ರೋದವರು ಮಡಚುವ ಬೈಸಿಕಲ್ಲುಗಳನ್ನು ಗಾಡಿಯೊಳಕ್ಕೆ ಒಯ್ಯಲು ಅನುಮತಿ ಕೊಟ್ಟರು. ಅದೇ ತಿಂಗಳಿನಲ್ಲಿ ಕೊಚ್ಚಿಯ ಮೆಟ್ರೋದವರು ಮಡಚದ ಸಾಧಾರಣ ಬೈಸಿಕಲ್ಲುಗಳಿಗೂ ಮೊದಲು ಕೆಲವು ನಿಲ್ದಾಣಗಳಲ್ಲಿ ಬಾಗಿಲನ್ನು ತೆರೆದರು. ಬೆಂಗಳೂರಿನ ಮೆಟ್ರೋ 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನವರೆಗೆ ಬಂದು ಅಲ್ಲಿನ ರೈಲ್ವೆ ನಿಲ್ದಾಣದ ಸಮೀಪಕ್ಕೇ ಮುಟ್ಟಿರುವುದರಿಂದ, ಕೋಲಾರ ಜಿಲ್ಲೆಯ ಪ್ರಯಾಣಿಕರಿಗೆ ಮಹಾನಗರದ ಹೆಬ್ಬಾಗಿಲು ಅಲ್ಲಿಯೇ ತೆರೆದಂತಾಗಿದೆ. ಮೆಟ್ರೋದವರ ಅನುಮತಿ ಸ್ವಾಗತಾರ್ಹ. ಆದರೆ ಮಡಚುವ ಬೈಸಿಕಲ್ಲಿನ ಬೆಲೆ ಕೂಲಿಯವನ ಕೈಗೆ ಎಟುಕತಕ್ಕದ್ದಲ್ಲ. ಕೊಳ್ಳಬಲ್ಲವರಿಗೆ ದೊರೆತ ಸೌಕರ್ಯ ಕೊಳ್ಳಲಾರದವರಿಗೂ ದೊರೆಯುವ ದಿನವೇ ಅದು ಸಾರ್ವಜನಿಕವೆಂಬ ಹೆಸರಿಗೆ ಅರ್ಹವಾಗುವುದು.

ಹಿಂದೆ ನಮ್ಮ ಹಳ್ಳಿಗಾಡಿನ ಬಸ್ಸುಗಳ ಹಿಂಬದಿಯಲ್ಲಿ ಒಂದು ಏಣಿ, ನೆತ್ತಿಯ ಮೇಲೆ ಒಂದು ಕಂಬಿಕಟ್ಟು ಇರುತ್ತಿತ್ತು. ಬೈಸಿಕಲ್ಲನ್ನೂ ಅಲ್ಲಿಗೇರಿಸಿ, ಹಗ್ಗ ಬಿಗಿದು, ಇಳಿಯುವ ಊರಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಹೊಸ ಮಾದರಿಯ ಬಸ್ಸುಗಳಲ್ಲಿ ಬಹುಮಟ್ಟಿಗೆ ಏಣಿಯೂ ಇಲ್ಲ, ಕಂಬಿಕಟ್ಟೂ ಇಲ್ಲ. ಹೀಗೆ ನಾಗರಿಕತೆ ಒಂದೊಂದು ಮೆಟ್ಟಿಲು ಮೇಲಕ್ಕೇರಿದಾಗಲೂ ಬೈಸಿಕಲ್ಲಿನವನನ್ನು ಒಂದೊಂದು ಮೆಟ್ಟಿಲು ಕೆಳಗೆ ಬಿಟ್ಟುಬಂದಿದೆ.

ಇದರಲ್ಲಿ ಸ್ವದೇಶಾಭಿಮಾನಕ್ಕೆ ಸಲ್ಲುವ ಮಾತೂ ಒಂದುಂಟು. ಒಂದಾನೊಂದು ಕಾಲದಲ್ಲಿ ನಾವು ತುಳಿಯುತ್ತಿದ್ದ ಬೈಸಿಕಲ್ಲು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು. ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ, 1949ರಲ್ಲಿ, ಮದರಾಸಿನ ಬಳಿಯ ಅಂಬತ್ತೂರಿನಲ್ಲಿ ಬೈಸಿಕಲ್ ಕಾರ್ಖಾನೆ ಸ್ಥಾಪಿತವಾಯಿತು. 1956ರಲ್ಲಿ ಲೂಧಿಯಾನದಲ್ಲಿ ಹೀರೋ ಕಾರ್ಖಾನೆ ತಲೆಯೆತ್ತಿತು. ಇಂದು ಲೋಕದಲ್ಲಿ ಬೈಸಿಕಲ್ಲುಗಳನ್ನು ಅಧಿಕವಾಗಿ ತಯಾರಿಸುವ ರಾಷ್ಟ್ರಗಳಲ್ಲಿ ನಮ್ಮದೂ ಒಂದು. ವಾಹನವನ್ನು ಸ್ವಂತವಾಗಿ ಮಾಡಿಕೊಳ್ಳುವುದನ್ನು ಕಲಿತೆವು. ಅದಕ್ಕೆ ದಾರಿ ಮಾಡಿಕೊಡುವುದನ್ನು ಕಲಿಯಲಿಲ್ಲ.

ಈ ಮಾತನ್ನು ಈಗಲೇ ಎತ್ತುವುದಕ್ಕೆ ಕಾರಣವುಂಟು. ಅಮೃತ ಭಾರತ್ ನಿಲ್ದಾಣ ಯೋಜನೆಯಲ್ಲಿ ಬೆಂಗಳೂರು ವಿಭಾಗದ ಮಾಲೂರು, ಬಂಗಾರಪೇಟೆ, ವೈಟ್‌ಫೀಲ್ಡ್ ನಿಲ್ದಾಣಗಳೂ ಸೇರಿದ್ದು, 2024ರ ಫೆಬ್ರವರಿ 26ರಂದು ಈ ಕಾರ್ಯಗಳಿಗೆ ಶಂಕುಸ್ಥಾಪನೆಯಾಯಿತು. ನಿಲ್ದಾಣಗಳ ಮುಖಮಂಟಪ, ದೀಪ, ಸೇತುವೆಗಳೆಲ್ಲ ಹೊಸದಾಗುವ ಕಾಲ ಇದು. ಮೆಟ್ಟಿಲನ್ನು ಎರೆಯುವಾಗಲೇ ಗಾಲಿಪಟ್ಟಿಯನ್ನು ಸೇರಿಸಿದರೆ ತಗಲುವ ವೆಚ್ಚ ಒಟ್ಟು ವೆಚ್ಚದಲ್ಲಿ ಕಣ್ಣಿಗೆ ಕಾಣದಷ್ಟು. ಕಟ್ಟಿದ ಮೇಲೆ ಒಡೆದು ಕೂಡಿಸುವುದಾದರೆ ಹಣವೂ ಹೆಚ್ಚು, ಕಾಲವೂ ಹೆಚ್ಚು, ಕಡತವೂ ಹೆಚ್ಚು.

ಆದುದರಿಂದ ನಾವು ಕೇಳುವುದಿಷ್ಟೇ. ಹೊಸದಾಗಿ ಕಟ್ಟುವ ಪ್ರತಿಯೊಂದು ಮೇಲ್ಸೇತುವೆಯ ನಕ್ಷೆಯಲ್ಲಿಯೂ ಗಾಲಿಪಟ್ಟಿ ಕಡ್ಡಾಯವಾಗಿರಲಿ. ಕಟ್ಟಿ ಮುಗಿದಿರುವಲ್ಲಿ, ಅಗಲ ಸಾಕಷ್ಟಿದ್ದರೆ, ಉಕ್ಕಿನ ಪಟ್ಟಿಯನ್ನು ಕೂಡಿಸಲಿ. ನಿಲ್ದಾಣದ ಎರಡು ಮಗ್ಗುಲಿನಲ್ಲಿಯೂ ಬೈಸಿಕಲ್ಲಿಗೆ ನೆರಳು, ಬೀಗದ ಕಂಬಿ, ಕಾವಲು ಇರುವ ಸ್ಥಳವನ್ನು ಗೊತ್ತುಮಾಡಲಿ. ಆಗ ಅರ್ಧದಷ್ಟು ಮಂದಿ ಮೆಟ್ಟಿಲು ಹತ್ತುವ ಅಗತ್ಯವೇ ತಪ್ಪುವುದು. ಗೇಟನ್ನು ಮುಚ್ಚುವ ಮುನ್ನ ಬೈಸಿಕಲ್ಲಿನವನು ಇನ್ನು ಮುಂದೆ ಎಲ್ಲಿ ದಾಟಬೇಕೆಂಬ ಪ್ರಶ್ನೆಗೆ ಉತ್ತರವನ್ನು ಬರೆದಿಡಲಿ. ಮಾಲೂರು ತಾಲ್ಲೂಕಿನ ಗ್ರಾಮ ಪಂಚಾಯತಿಗಳು, ಮಾಸ್ತಿಯ ಪಂಚಾಯತಿಯೂ ಸೇರಿದಂತೆ, ಈ ಕುರಿತು ನಿರ್ಣಯಗಳನ್ನು ಮಾಡಿ ವಿಭಾಗದ ರೈಲ್ವೆ ಅಧಿಕಾರಿಗಳಿಗೂ ಲೋಕಸಭೆಯ ಪ್ರತಿನಿಧಿಗಳಿಗೂ ಕಳುಹಿಸಲಿ. ಕೇಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲವೆಂಬುದು ನಮ್ಮವರಿಗೆ ತಿಳಿಯದ ಮಾತಲ್ಲ.

ಬೈಸಿಕಲ್ಲಿನವರಿಗೂ ಒಂದು ಮಾತು. ಸೇತುವೆಯ ಮೇಲೆ ಬೈಸಿಕಲ್ಲನ್ನು ಹತ್ತಿ ತುಳಿಯಕೂಡದು. ಗಾಡಿ ಬಂದು ಜನರು ಇಳಿಯುವ ಹೊತ್ತಿನಲ್ಲಿ ಎರಡು ನಿಮಿಷ ತಡೆದು ಮೆಟ್ಟಿಲಿಗೆ ಬರುವುದು ಮರ್ಯಾದೆ. ಕೈಯಲ್ಲಿ ಕೂಸಿರುವ ತಾಯಿಗೂ ಕೋಲೂರಿ ಬರುವ ಅಜ್ಜನಿಗೂ ಮೊದಲು ದಾರಿ. ಹಕ್ಕನ್ನು ಕೇಳುವವನು ಇತರರ ಹಕ್ಕನ್ನು ಕಾಯ್ದರೆ ಮಾತ್ರ ಅವನ ಮಾತಿಗೆ ಬೆಲೆ.

ಸ್ವರಾಜ್ಯವೆಂದರೆ ರಾಜಧಾನಿಯಲ್ಲಿ ಧ್ವಜ ಬದಲಾಗುವುದು ಮಾತ್ರವಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಪ್ರಜೆಯ ದಿನನಿತ್ಯದ ನಡಿಗೆ ಹಗುರವಾಗಬೇಕೆಂಬುದೂ ಅದರ ಅರ್ಥದೊಳಗೇ ಇದೆ. ಅಂಗೈಯಗಲದ ಒಂದು ಪಟ್ಟಿಯನ್ನು ಮೆಟ್ಟಿಲಿನ ಅಂಚಿಗೆ ಹಾಕುವುದು ಸರ್ಕಾರಕ್ಕೆ ಅಸಾಧ್ಯವಾದ ಕಾರ್ಯವಲ್ಲ. ಮಾಲೂರಿನ ಕೂಲಿಕಾರನ ಹೆಗಲಿನಿಂದ ಬೈಸಿಕಲ್ಲು ಕೆಳಗಿಳಿದು ಗಾಲಿಯ ಮೇಲೆ ನಿಲ್ಲಲಿ.